ತಲೆಯ ಮೇಲಿನ ನಕ್ಷೆ, ಮೂರು ಪ್ರತಿಯಲ್ಲಿ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಭೂದಾಖಲೆ ಇಲಾಖೆಯ ಮಾನ್ಯ ಆಯುಕ್ತರೇ, ಪಾರಂಪರಿಕ ಜ್ಞಾನ ಸಂಸ್ಥೆಯ ನಿರ್ದೇಶಕರೂ ನಮ್ಮ ಜಡೆಗಳ ಮೇಲೆ ನಾನೂರು ಪುಟದ ಪುಸ್ತಕ ಬರೆದವರೂ ಆದ ಪ್ರೊಫೆಸರ್ ಅವರೇ, ವೇದಿಕೆಯ ಮೇಲೆ ಹೂಗುಚ್ಛ ಹಿಡಿದು ಕೂತಿರುವ ಇತರ ಗಣ್ಯರೇ, ಇಂದು ಸನ್ಮಾನಗೊಂಡ ನನ್ನ ಅಜ್ಜಿಯೇ, ಮೂರನೆಯ ಸಾಲಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುವ ಸ್ವೀಕೃತಿ ಕೌಂಟರಿನ ಗುಮಾಸ್ತರೇ, ಕೊನೆಯ ಸಾಲಿನಲ್ಲಿ ಕಂಬದ ಮರೆಗೆ ಕೂತಿದ್ದರೂ ನನ್ನ ಕಣ್ಣಿಗೆ ಬಿದ್ದುಬಿಟ್ಟಿರುವ ನನ್ನ ಟೀಚರ್ ಅವರೇ, ಮತ್ತು ಎಲ್ಲ ಸಭಿಕರೇ,

ಕಾರ್ಯಕ್ರಮದ ಪಟ್ಟಿಯಲ್ಲಿ ನನ್ನದು ಹನ್ನೊಂದನೆಯ ಕಲಾಪ. ‘ಸನ್ಮಾನಿತರ ಪರವಾಗಿ ಕೃತಜ್ಞತೆಯ ನುಡಿ, ಎರಡು ನಿಮಿಷ’ ಎಂದು ಅಚ್ಚಾಗಿದೆ. ಆ ಎರಡು ನಿಮಿಷಕ್ಕೆ ಬೇಕಾದ ಭಾಷಣವನ್ನು ಸಂಸ್ಥೆಯವರೇ ಟೈಪ್ ಮಾಡಿ ನನ್ನ ಕೈಗೆ ಕೊಟ್ಟಿದ್ದಾರೆ. ಅರ್ಧ ಪುಟ. ಕೃತಜ್ಞತೆ ಎಂಬ ಪದ ಅದರಲ್ಲಿ ಒಂಬತ್ತು ಸಲ ಬಂದಿದೆ. ಈಗ ಹೇಳಿದ್ದೂ ಸೇರಿ ನಾನು ಎರಡು ಸಲ ಹೇಳಿದ್ದೇನೆ. ಉಳಿದ ಏಳನ್ನು ಕೊನೆಗೆ ಒಟ್ಟಿಗೆ ಹೇಳುತ್ತೇನೆ.

ನಿಜವಾಗಿ ಮಾತಾಡಬೇಕಾದವಳು ಅಜ್ಜಿ. ಆದರೆ ಅವಳು ಬೆಳಿಗ್ಗೆಯೇ ಹೇಳಿಬಿಟ್ಟಳು: “ನಂಗಾಗಲ್ಲ ಕಣೆ. ನಾನು ಮೈಕ್ ಮುಂದೆ ನಿಂತ್ರೆ ಬೈದುಬಿಡ್ತೀನಿ. ನೀನು ನಾಲ್ಕಕ್ಷರ ಓದಿದ್ದೀಯ, ಮರ್ಯಾದೆಯಾಗಿ ಬೈತೀಯ.” ನಾನು ಓದಿರುವುದು ಏಳನೆಯ ತರಗತಿಯವರೆಗೆ, ಅದೂ ಅರ್ಧ. ಆದ್ದರಿಂದ ನಿಮಗೆ ಸಿಗುವ ಮರ್ಯಾದೆಯೂ ಅಷ್ಟರಲ್ಲೇ ಇರುತ್ತದೆ. ದಯವಿಟ್ಟು ಹೊಂದಿಸಿಕೊಳ್ಳಿ.

ಸಭಿಕರೇ, ನಿಮ್ಮ ಎಡಗಡೆಯ ಗೋಡೆಯ ಗಡಿಯಾರವನ್ನು ಒಮ್ಮೆ ನೋಡಿ. ನಾಲ್ಕು ಗಂಟೆ ಇಪ್ಪತ್ತೈದು ನಿಮಿಷ. ನಾನು ಮಾತಿನ ನಡುವೆ ಅತ್ತ ಕಡೆ ಕಣ್ಣು ಹಾಯಿಸಿದರೆ ತಪ್ಪು ತಿಳಿಯಬೇಡಿ. ಐದು ಗಂಟೆಗೆ ಆಯುಕ್ತರಿಗೆ ಇನ್ನೊಂದು ಸಮಾರಂಭವಿದೆಯಂತೆ. ಐದು ಗಂಟೆಗೆ ನನಗೂ ಒಂದು ಕೆಲಸವಿದೆ. ನಮ್ಮ ಹಳ್ಳಿಯ ಹದಿನೇಳು ಹೊಲಗಳು ನಮ್ಮವು ಎಂದು ಕೇಳುವ ಮೇಲ್ಮನವಿಯನ್ನು ಭೂದಾಖಲೆ ಕಚೇರಿಯ ಕೌಂಟರಿಗೆ ಕೊಡಲು ಇವತ್ತು ಸಂಜೆ ಐದೇ ಕೊನೆ. ಐದರ ಮೇಲೆ ಒಂದು ನಿಮಿಷವಾದರೂ ಹೊಲ ಹೋದಂತೆಯೇ. ಇದೋ, ಈ ಹಳದಿ ಲಕೋಟೆಯೇ ಆ ಮೇಲ್ಮನವಿ.

ಹಾಗಾದರೆ ಇಲ್ಲಿ ಯಾಕೆ ನಿಂತಿದ್ದೀಯ, ಹೋಗಿ ಕೊಡಬಾರದೇ ಎಂದು ನೀವು ಕೇಳಬಹುದು. ಮಧ್ಯಾಹ್ನ ಎರಡು ಗಂಟೆಗೇ ಹೋಗಿದ್ದೆ. ಕೌಂಟರಿನ ಕಿಟಕಿ ಮುಚ್ಚಿತ್ತು. ಮೇಲೊಂದು ಚೀಟಿ ಅಂಟಿಸಿದ್ದರು: ‘ಸಿಬ್ಬಂದಿಯವರೆಲ್ಲರೂ ಪಾರಂಪರಿಕ ಸಮುದಾಯದ ಸನ್ಮಾನ ಸಮಾರಂಭಕ್ಕೆ ತೆರಳಿರುತ್ತಾರೆ.’ ನಮ್ಮನ್ನು ಗೌರವಿಸುವುದಕ್ಕೋಸ್ಕರ ನಮ್ಮ ಅರ್ಜಿ ತೆಗೆದುಕೊಳ್ಳುವವರು ಯಾರೂ ಕಚೇರಿಯಲ್ಲಿಲ್ಲ! ಇಷ್ಟು ದೊಡ್ಡ ಗೌರವ ನಮಗೆ ಹಿಂದೆಂದೂ ಸಿಕ್ಕಿರಲಿಲ್ಲ. ಈ ಸಭಾಂಗಣದ ಕುರ್ಚಿಗಳು ತುಂಬಿರುವುದಕ್ಕೂ ಅದೇ ಕಾರಣ. ನಗಬೇಡಿ ಸರ್, ನೀವೂ ಅದೇ ಕಚೇರಿಯವರು.

ಇರಲಿ. ಮೊದಲು ನನ್ನ ಅಜ್ಜಿಯನ್ನು ಪರಿಚಯಿಸಬೇಕು. ಪ್ರೊಫೆಸರ್ ಅವರು ಆಗಲೇ ಇಪ್ಪತ್ತು ನಿಮಿಷ ಪರಿಚಯಿಸಿದರು. ‘ಕೇಶವಿನ್ಯಾಸದ ಮಹಾತಾಯಿ’ ಎಂದರು. ಅಜ್ಜಿ ಪಕ್ಕದಲ್ಲಿ ಕೂತಿದ್ದ ನನ್ನನ್ನು ತಿವಿದು, “ಯಾರೇ ಅದು?” ಎಂದಳು. “ನೀನೇ” ಎಂದೆ. “ಹಂಗಂದ್ರೆ ಏನು?” “ತಲೆ ಬಾಚೋಳು ಅಂತ.” “ಅಷ್ಟು ಹೇಳೋಕೆ ಇಷ್ಟು ಹೊತ್ತಾ?”

ನಮ್ಮ ಮುತ್ತಜ್ಜಿಯರ ಮುತ್ತಜ್ಜಿಯರನ್ನು ಆಫ್ರಿಕಾದಿಂದ ಹಡಗಿನ ಹೊಟ್ಟೆಯೊಳಗೆ ತುಂಬಿಕೊಂಡು ಬಂದು ಇಲ್ಲಿಯ ತೋಟದ ದಣಿಗಳಿಗೆ ಮಾರಿದರು. ಅವರಲ್ಲಿ ಕೆಲವರು ಓಡಿಹೋಗಿ ನದಿಯ ಆಚೆ ದಂಡೆಯಲ್ಲಿ ಕಾಡು ಕಡಿದು ಹೊಲ ಮಾಡಿದರು. ಅದೇ ನಮ್ಮ ಹಳ್ಳಿ. ಓಡಿಹೋಗುವ ಮುನ್ನ ತೋಟದ ಕಾವಲುಗಾರರು ದಿನವೂ ಅವರ ಕೈ ತಪಾಸಣೆ ಮಾಡುತ್ತಿದ್ದರು, ಸೊಂಟ ತಪಾಸಣೆ ಮಾಡುತ್ತಿದ್ದರು, ಬಾಯಿ ತೆರೆಸಿ ನಾಲಿಗೆಯಡಿ ನೋಡುತ್ತಿದ್ದರು. ತಲೆಯನ್ನು ಮಾತ್ರ ನೋಡುತ್ತಿರಲಿಲ್ಲ. ಈ ಜನರ ತಲೆಯೊಳಗೆ ಏನೂ ಇಲ್ಲ ಎಂದು ನಂಬಿದವರು ತಲೆಯ ಮೇಲೆ ಯಾಕೆ ಹುಡುಕುತ್ತಾರೆ? ಅಲ್ಲಿ, ಜಡೆಯ ಹೆಣಿಗೆಯೊಳಗೆ, ಒಂದೊಂದು ಹಿಡಿ ಬಿತ್ತನೆಯ ಭತ್ತ ಇತ್ತು. ಜಡೆಯ ಸಾಲಿನಲ್ಲಿ ನದಿಗೆ ಹೋಗುವ ದಾರಿ ಇತ್ತು. ಮುಂದೆ ಹೋದವಳ ತಲೆ ನೋಡಿಕೊಂಡು ಹಿಂದಿನವರು ನಡೆದರು.

ಕಾಗದ ಇರಲಿಲ್ಲ, ಇದ್ದರೂ ಬರೆಯಲು ಬಿಡುತ್ತಿರಲಿಲ್ಲ. ಆದ್ದರಿಂದ ಹೊಲಗಳಾದ ಮೇಲೂ ಲೆಕ್ಕವೆಲ್ಲ ತಲೆಯ ಮೇಲೆಯೇ ಮುಂದುವರಿಯಿತು. ಪ್ರತಿ ವರ್ಷ ಬಿತ್ತನೆಗೆ ಮುಂಚೆ ನಮ್ಮ ಹೆಂಗಸರೆಲ್ಲ ಒಂದು ಕಡೆ ಸೇರಿ, ಒಬ್ಬ ಹುಡುಗಿಯನ್ನು ನಡುವೆ ಕೂರಿಸಿಕೊಂಡು ಗಡಿಜಡೆ ಹಾಕುತ್ತಾರೆ. ಹಣೆ ಎಂದರೆ ನದಿ. ಹಿಂಗತ್ತು ಎಂದರೆ ಗುಡ್ಡ. ಎರಡು ಕಿವಿಗಳು ಎರಡು ಕಾಲುದಾರಿ. ನಡುವೆ ನೆತ್ತಿಗೆ ಅಂಟಿಸಿದಂತೆ ಹೆಣೆದ ಹದಿನೇಳು ಜಡೆಗಳು ಹದಿನೇಳು ಮನೆಯ ಹೊಲಗಳು. ಎರಡು ಜಡೆಗಳ ನಡುವಿನ ಬೈತಲೆಯೇ ಬದು. ಹಳ್ಳ ಎಲ್ಲಿ ತಿರುಗುತ್ತದೋ ಜಡೆ ಅಲ್ಲಿ ತಿರುಗಬೇಕು. ಗಡಿಮರ ಎಲ್ಲಿದೆಯೋ ಅಲ್ಲಿ ಗಂಟು ಬೀಳಬೇಕು.

ಇದೇನು ಸುಲಭದ ಕೆಲಸವೆಂದು ತಿಳಿಯಬೇಡಿ. ಬದುವಿನ ಜಗಳಗಳೆಲ್ಲ ನಡೆಯುವುದು ಅಲ್ಲೇ. ನಾನು ಚಿಕ್ಕವಳಿದ್ದಾಗ ದೊಡ್ಡಮ್ಮ ನನ್ನ ಬಲಗಿವಿಯ ಮೇಲಿನ ಜಡೆ ಹಿಡಿದೆಳೆದು ಕೂಗುತ್ತಿದ್ದಳು: “ಅವಳ ಹೊಲ ನೋಡಿದ್ರೆ ಹೆಬ್ಬೆರಳ ದಪ್ಪ, ನಂದು ಇಲಿಬಾಲ! ಎಲ್ಲಿ ಹೋಯ್ತು ನನ್ನ ನೆಲ?” ಚಿಕ್ಕಮ್ಮ ಪಕ್ಕದ ಜಡೆ ಹಿಡಿದುಕೊಂಡು, “ನಿನ್ನ ನೆಲ ನಿನ್ನ ಹತ್ರಾನೇ ಇದೆ ಅಕ್ಕ. ಹೆಜ್ಜೆ ಹಾಕಿ ಅಳೆಯೋವಾಗ ಭಾವ ಕುಡಿದಿದ್ರು, ಅದಕ್ಕೆ ನಾನೇನು ಮಾಡ್ಲಿ?” ಎನ್ನುತ್ತಿದ್ದಳು. ಇಬ್ಬರೂ ಎಳೆಯುತ್ತಿದ್ದುದು ನನ್ನ ಕೂದಲನ್ನು. ಕೊನೆಗೆ ಅಜ್ಜಿ ಬರಬೇಕು. ಕಣ್ಣು ಮುಚ್ಚಿಕೊಂಡು ಹತ್ತು ಬೆರಳನ್ನೂ ನನ್ನ ತಲೆಯ ಮೇಲೆ ಓಡಿಸಿ, “ಬಿಚ್ಚೇ ಇದನ್ನ. ಇಲ್ಲೊಂದು ಎಳೆ ದೊಡ್ಡವಳಿಗೆ ಸೇರಬೇಕು” ಎನ್ನಬೇಕು. ನ್ಯಾಯ ಅದೇ ದಿನ ಮುಗಿಯುತ್ತಿತ್ತು. ವಕೀಲರಿಲ್ಲ, ವಾಯಿದೆಯಿಲ್ಲ. ತಲೆನೋವು ಮಾತ್ರ ನನಗೆ ಮೂರು ದಿನ. ಈ ಸಭೆಯಲ್ಲಿ ಭೂವ್ಯಾಜ್ಯದ ಅನುಭವ ಇರುವವರು ತುಂಬಾ ಜನ ಇರಬಹುದು. ಭೂವ್ಯಾಜ್ಯ ತಲೆಯ ಮೇಲೆಯೇ ನಡೆದಿರುವುದು ನನಗೊಬ್ಬಳಿಗೇ.

ಈಗ ಹತ್ತು ವರ್ಷ ಹಿಂದಕ್ಕೆ ಬನ್ನಿ. ನನಗೆ ಹನ್ನೆರಡು ವರ್ಷ. ನದಿದಂಡೆಯ ಹಳ್ಳಿಗಳು ತಮ್ಮ ಭೂಮಿಯ ಹಕ್ಕಿಗೆ ಅರ್ಜಿ ಹಾಕಬಹುದು ಎಂದು ಸರ್ಕಾರ ಮೊದಲ ಸಲ ಹೇಳಿತ್ತು. ಅರ್ಜಿಯ ಕೊನೆಯ ಸಾಲು: ‘ಜಮೀನಿನ ನಕ್ಷೆಯನ್ನು ಮೂರು ಪ್ರತಿಗಳಲ್ಲಿ ಲಗತ್ತಿಸತಕ್ಕದ್ದು.’ ಯಾರೋ ಓದಿ ಹೇಳಿದರು. ಅಜ್ಜಿಗೆ ಅದರಲ್ಲಿ ಕಷ್ಟವೇನೂ ಕಾಣಲಿಲ್ಲ. ಮೂವರು ಮೊಮ್ಮಕ್ಕಳನ್ನು ಸಾಲಾಗಿ ಕೂರಿಸಿ ಮೂರು ದಿನ ಹೆಣೆದಳು. ನಾನು ಮೂಲ ಪ್ರತಿ. ದೊಡ್ಡಮ್ಮನ ಮಗಳು ಎರಡನೆಯದು, ಚಿಕ್ಕಮ್ಮನ ಮಗಳು ಮೂರನೆಯದು. ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ ಎಂದು ಹೇಳಿದರೆ ಅದು ಬಾಯಿಮಾತಲ್ಲ, ಎಳೆ ಎಣಿಸಿಯೇ ಹಾಕಿದ್ದಳು.

ಕೌಂಟರಿನಲ್ಲಿ ಆಗಲೂ ಇದೇ ಗುಮಾಸ್ತರಿದ್ದರು. ನಮ್ಮ ಹಳ್ಳಿಯಲ್ಲಿ ಇವರಿಗೆ ‘ನಾಳೆ ಬಾ ಸಾಹೇಬರು’ ಎಂದು ಹೆಸರು. ಬೇಜಾರು ಮಾಡಿಕೊಳ್ಳಬೇಡಿ ಸರ್, ಪ್ರೀತಿಯಿಂದ ಇಟ್ಟದ್ದು.

“ನಕ್ಷೆ ಎಲ್ಲಿ?” ಎಂದರು ಇವರು.

“ತಿರುಗ್ರೇ” ಎಂದಳು ಅಜ್ಜಿ ನಮಗೆ. ಮೂವರೂ ಕೌಂಟರಿಗೆ ಬೆನ್ನು ಮಾಡಿ ನಿಂತೆವು.

“ಏನಜ್ಜಿ ಇದು?”

“ನಕ್ಷೆ ಸ್ವಾಮಿ. ನೀವು ಕೇಳಿದ್ರಲ್ಲ, ಮೂರು ಪ್ರತಿ.”

“ಇದನ್ನ ಫೈಲಿಗೆ ಹೇಗೆ ಸೇರಿಸ್ಲಿ? ಪಂಚ್ ಹೊಡೀಬೇಕಲ್ಲ!”

ಪಂಚಿಂಗ್ ಯಂತ್ರ ಅವರ ಕೈಯಲ್ಲೇ ಇತ್ತು. ಮೂರನೆಯ ಪ್ರತಿ ಜೋರಾಗಿ ಅಳಲು ಶುರು ಮಾಡಿತು.

ಆದರೆ ಒಂದು ಮಾತು ಹೇಳಲೇಬೇಕು. ಅವತ್ತು ಇವರು ನಮ್ಮನ್ನು ಓಡಿಸಲಿಲ್ಲ. ಕನ್ನಡಕ ಹಾಕಿಕೊಂಡು ನನ್ನ ತಲೆಯನ್ನು ತುಂಬಾ ಹೊತ್ತು ನೋಡಿದರು. “ಇದು ಹಳ್ಳಾನಾ?” ಎಂದು ಕೇಳಿದರು. ಆಮೇಲೆ ರಿಜಿಸ್ಟರಿನಲ್ಲಿ ‘ಲಗತ್ತು: ತಲೆ, ಮೂರು’ ಎಂದು ಬರೆದುಕೊಂಡು, “ಹದಿನೈದು ದಿನಕ್ಕೆ ಸರ್ವೇಯರ್ ಬರ್ತಾರೆ. ಅಲ್ಲೀವರೆಗೂ ಬಿಚ್ಚಬೇಡಿ. ಇವಾಗ ಅದು ಸರ್ಕಾರಿ ದಾಖಲೆ” ಎಂದರು.

ಹೀಗೆ ನಾನು ಕೆಲವು ದಿನ ಸರ್ಕಾರಿ ದಾಖಲೆಯಾಗಿದ್ದೆ. ಹನ್ನೆರಡು ವರ್ಷದ ಹುಡುಗಿಗೆ ಅದು ಎಂಥ ಕಷ್ಟ ಎಂದು ದಾಖಲೆ ಇಡುವವರಿಗೆ ಗೊತ್ತಿರುವುದಿಲ್ಲ. ತಲೆಗೆ ನೀರು ಹಾಕುವಂತಿಲ್ಲ. ಮರ ಹತ್ತುವಂತಿಲ್ಲ. ಮಗ್ಗುಲಾಗಿ ಮಲಗಿದರೆ ಅಮ್ಮ ಎಬ್ಬಿಸಿ, “ಚಿಕ್ಕಮ್ಮನ ಹೊಲ ನುಗ್ಗಾಗುತ್ತೆ, ಬೋರಲು ಮಲಕ್ಕೋ” ಎನ್ನುತ್ತಿದ್ದಳು. ತುರಿಸಿಕೊಂಡರೆ ದಾಖಲೆ ತಿದ್ದಿದ ಅಪರಾಧ. ಹನ್ನೆರಡನೆಯ ದಿನ ಶಾಲೆಯಲ್ಲಿ ಟೀಚರ್ ನನ್ನ ಜಡೆಗಳನ್ನು ಕತ್ತರಿಸಿದರು.

ಹಾಗೆಂದು ನಮ್ಮ ಹಳ್ಳಿಯಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತಾ ಬಂದಿದ್ದೇನೆ. ಈಗಲೂ ಬಾಯಿಗೆ ಹಾಗೆಯೇ ಬಂದುಬಿಟ್ಟಿತು, ನೋಡಿ. ಇರಲಿ, ಮುಂದೆ ಹೋಗುತ್ತೇನೆ.

ಸರ್ವೇಯರ್ ಬಂದರು. “ಒರಿಜಿನಲ್ ಎಲ್ಲಿ?” ಎಂದರು. ಎರಡು ಪ್ರತಿಗಳು ನಿಂತಿದ್ದವು, ಮೂಲ ಇರಲಿಲ್ಲ. ಮೂಲ ಎಂದರೆ ನಾನು, ನನ್ನ ತಲೆ ಕೊಯ್ಲಾದ ಗದ್ದೆಯಂತೆ ಮೋಟು ಮೋಟಾಗಿತ್ತು. ಮೂಲಕ್ಕೆ ಹೋಲಿಸದೆ ಪ್ರತಿಗಳನ್ನು ಒಪ್ಪುವಂತಿಲ್ಲ ಎಂಬುದು ನಿಯಮ. “ಇನ್ನೊಂದು ಸಲ ಹೆಣೀತೀನಿ ಸ್ವಾಮಿ” ಎಂದಳು ಅಜ್ಜಿ. “ಅದು ಹೊಸ ದಾಖಲೆ ಆಗುತ್ತಜ್ಜಿ” ಎಂದರು ಅವರು. ತಿಂಗಳಾದ ಮೇಲೆ ಆದೇಶ ಬಂತು: ‘ಮೂಲ ದಾಖಲೆಯನ್ನು ಅರ್ಜಿದಾರರೇ ನಾಶಪಡಿಸಿರುವುದರಿಂದ ಅರ್ಜಿಯನ್ನು ವಜಾ ಮಾಡಲಾಗಿದೆ.’ ‘ಅರ್ಜಿದಾರರೇ’ ಎಂಬ ಆ ಪದಕ್ಕೆ ನಮ್ಮ ಹಳ್ಳಿ ಹತ್ತು ವರ್ಷ ಶಾಪ ಹಾಕಿದೆ.

ನಾನು ಶಾಲೆ ಬಿಟ್ಟೆ. ಆಮೇಲೆ ಒಂದು ಕಡೆ ನಿಂತವಳಲ್ಲ. ಬಟ್ಟೆ ಅಂಗಡಿಯಲ್ಲಿ ಮಡಚಿದೆ, ಬೇಕರಿಯಲ್ಲಿ ಕಲಸಿದೆ, ದೋಣಿಯಲ್ಲಿ ಟಿಕೆಟ್ ಹರಿದೆ, ಒಬ್ಬ ವಕೀಲರ ಮನೆಯಲ್ಲಿ ನಾಯಿ ನೋಡಿಕೊಂಡೆ. ಯಾವ ಕೆಲಸವೂ ಎಂಟು ತಿಂಗಳು ದಾಟಲಿಲ್ಲ. “ಇವಳ ಕಾಲಿಗೆ ಚಕ್ರ, ಬಾಯಿಗೆ ಬೀಗ ಇಲ್ಲ” ಎಂದು ಅಮ್ಮ ಹೇಳುವುದುಂಟು. ಕೊನೆಗೆ ನಿಂತದ್ದು ಭೂದಾಖಲೆ ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ. ಮೂರು ವರ್ಷವಾಯಿತು. ಶಾಲೆಯಲ್ಲಿ ಕಲಿಯದ್ದನ್ನೆಲ್ಲ ಅಲ್ಲಿ ಕಲಿತೆ. ಕಾಗದ ಏನು ಹೇಳುತ್ತದೆ ಎನ್ನುವುದನ್ನು ಯಾರೂ ಓದುವುದಿಲ್ಲ. ಕೆಳಗೆ ಸಹಿ ಯಾರದು, ದಿನಾಂಕ ಯಾವುದು, ಮೊಹರು ದುಂಡಗಿದೆಯೋ ಚೌಕವಾಗಿದೆಯೋ, ಇಷ್ಟನ್ನೇ ನೋಡುತ್ತಾರೆ. ಹಾಗಿರುವಾಗ ನಮ್ಮ ತಲೆಯ ಮೇಲಿನದು ಸುಳ್ಳು ಎಂದು ಇಲಾಖೆ ಯಾವತ್ತೂ ಹೇಳಿಯೇ ಇಲ್ಲ ಎಂದು ನನಗೆ ಗೊತ್ತಾಯಿತು. ಅದಕ್ಕೆ ಮೊಹರು ಇಲ್ಲ ಎನ್ನುವುದಷ್ಟೇ ಅವರ ದೂರು.

ಹೋದ ವರ್ಷ ನನ್ನ ಅಂಗಡಿಗೆ ಒಂದು ದೊಡ್ಡ ನೀಲನಕ್ಷೆ ಬಂತು. ಎಂಟು ಪ್ರತಿ ಬೇಕು ಎಂದರು. ಯಂತ್ರಕ್ಕೆ ಹಾಕಿದೆ. ಮೊದಲ ಹಾಳೆ ಹೊರಬರುತ್ತಿದ್ದ ಹಾಗೆ ನನ್ನ ನೆತ್ತಿ ಜುಮ್ಮೆಂದಿತು. ನದಿ, ಗುಡ್ಡ, ಎರಡು ಕಾಲುದಾರಿ, ನಡುವೆ ಹದಿನೇಳು ಪಟ್ಟಿ. ಆಕಾಶದಿಂದ ಯಂತ್ರ ಹಾರಿಸಿ ತೆಗೆದ ಚಿತ್ರವಂತೆ. ಹದಿನೇಳು ಪಟ್ಟಿಗಳ ಮೇಲೂ ಅಡ್ಡಲಾಗಿ ಬರೆದಿತ್ತು: ‘ಉದ್ದೇಶಿತ ಪಾರಂಪರಿಕ ಜ್ಞಾನ ಉದ್ಯಾನ’. ನಾನು ಒಂಬತ್ತು ಪ್ರತಿ ತೆಗೆದೆ. ಒಂದು ಹಾಳೆ ಯಂತ್ರದೊಳಗೆ ಸಿಕ್ಕಿಕೊಂಡು ಹಾಳಾಯಿತು ಎಂದು ಹೇಳಿದೆ. ಹಾಳಾಗಿರಲಿಲ್ಲ. ತಪ್ಪು ಮಾಡಿದೆ, ಒಪ್ಪಿಕೊಳ್ಳುತ್ತೇನೆ.

ಅದೇ ಉದ್ಯಾನದ ವಿಷಯವನ್ನು ಅರ್ಧ ಗಂಟೆಯ ಹಿಂದೆ ಆಯುಕ್ತರು ಇದೇ ಮೈಕಿನಲ್ಲಿ ಘೋಷಿಸಿದರು, ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಮ್ಮ ಹೊಲಗಳಲ್ಲಿ ನಮ್ಮ ಜ್ಞಾನಕ್ಕೊಂದು ಉದ್ಯಾನ. ಅಲ್ಲಿ ನಮ್ಮ ಹೆಂಗಸರು ಭತ್ತ ಬಿತ್ತುವ ಹಾಗೆ ಸಿಮೆಂಟಿನ ಬೊಂಬೆಗಳು ಇರುತ್ತವಂತೆ. ಹೆಂಗಸರು ಮಾತ್ರ ಇರುವುದಿಲ್ಲ. ಬೊಂಬೆಗಳು ನಿಲ್ಲಬೇಕಾದರೆ ನಾವು ಏಳಬೇಕು. ಅಜ್ಜಿಗೆ ಇದನ್ನು ವಿವರಿಸಿದಾಗ ಅವಳು ಕೇಳಿದ್ದು ಒಂದೇ: “ಬೊಂಬೆ ಬಿತ್ತಿದ ಭತ್ತ ಯಾರು ಉಣ್ತಾರಂತೆ?” ಪ್ರೊಫೆಸರ್ ಅವರೇ, ಈ ಪ್ರಶ್ನೆಗೆ ನಿಮ್ಮ ನಾನೂರು ಪುಟಗಳಲ್ಲಿ ಉತ್ತರವಿದ್ದರೆ ನಮಗೊಂದು ಪುಟ ಜೆರಾಕ್ಸ್ ಕೊಡಿ.

ನಾವು ಮತ್ತೆ ಅರ್ಜಿ ಹಾಕಿದೆವು. ಈ ಸಲ ನಿಯಮ ಬದಲಾಗಿತ್ತು: ಮೂವತ್ತು ವರ್ಷಕ್ಕಿಂತ ಹಿಂದಿನಿಂದ ಅದೇ ನೆಲದಲ್ಲಿ ಇದ್ದೇವೆ ಎಂಬುದಕ್ಕೆ ದಾಖಲೆ ಕೊಡಬೇಕು. ನಮ್ಮ ಹತ್ತಿರ ಹಿರಿಯರ ಗೋರಿಗಳಿದ್ದವು, ಮರಗಳಿದ್ದವು, ಬದುಗಳಿದ್ದವು. ದಾಖಲೆ ಇರಲಿಲ್ಲ. ಈ ತಿಂಗಳ ಒಂಬತ್ತನೆಯ ತಾರೀಕು ಅರ್ಜಿ ವಜಾ ಆಯಿತು. ಮೇಲ್ಮನವಿಗೆ ಹದಿನೈದು ದಿನ. ಆ ಹದಿನೈದನೆಯ ದಿನ ಇವತ್ತು.

ಗಡಿಯಾರ ನಾಲ್ಕು ನಲವತ್ತು. ಹೆದರಬೇಡಿ, ಮುಗಿಸುತ್ತೇನೆ.

ಆದರೆ ಮುಗಿಸುವ ಮುಂಚೆ ಒಂದು ಬಾಕಿ ಇದೆ. ಕಾಗದದ ಮೇಲೆ ನಿಜ ಬರೆಯಿರಿ ಎಂದು ಇಲಾಖೆಯನ್ನು ಕೇಳುವವಳು ತನ್ನ ಬಾಯಲ್ಲಿರುವ ಸುಳ್ಳನ್ನು ಮೊದಲು ಉಗುಳಬೇಕು. ಟೀಚರ್, ಕಂಬದ ಮರೆಯಿಂದ ಸ್ವಲ್ಪ ಈಚೆ ಬನ್ನಿ. ನನ್ನ ಜಡೆಗಳನ್ನು ನೀವು ಕತ್ತರಿಸಲಿಲ್ಲ. ನಾನೇ ಕತ್ತರಿಸಿಕೊಂಡೆ. ಶಾಲೆಯ ಹಿಂದಿನ ನೀರಿನ ತೊಟ್ಟಿಯ ಹತ್ತಿರ ಕೂತು, ಕರಕುಶಲ ತರಗತಿಯ ಕತ್ತರಿಯಲ್ಲಿ.

ಆವತ್ತು ನೀವು ನನ್ನ ತಲೆ ನೋಡಿ, “ಇದೇನೇ, ತಲೆ ಮೇಲೆ ನೇಗಿಲು ಹೊಡೆದ ಹಾಗಿದೆ!” ಎಂದಿರಿ. ತರಗತಿ ನಕ್ಕಿತು. ನೀವೂ ನಕ್ಕಿರಿ. ಈಗ ಯೋಚಿಸಿದರೆ, ನನ್ನ ತಲೆಯನ್ನು ಸರಿಯಾಗಿ ಓದಿದ ಮೊದಲ ವಿದ್ಯಾವಂತರು ನೀವೇ. ಅಲ್ಲಿದ್ದದ್ದು ಉತ್ತ ಹೊಲವೇ ತಾನೆ? ಆದರೆ ಹನ್ನೆರಡು ವರ್ಷದವಳಿಗೆ ಅದು ತಿಳಿಯಲಿಲ್ಲ. ಬೇರೆ ಹುಡುಗಿಯರ ಹಾಗೆ ಕಾಣಬೇಕು ಎಂದಷ್ಟೇ ಇತ್ತು. ಒಂದು ಜಡೆ ಕತ್ತರಿಸಿ ನಿಲ್ಲಿಸೋಣ ಎಂದುಕೊಂಡೆ. ಒಂದು ಹೋದ ಮೇಲೆ ಉಳಿದ ಹದಿನಾರು ಯಾಕೆ ಎನಿಸಿತು. ಮನೆಗೆ ಬಂದಾಗ ಅಮ್ಮ “ಯಾರೇ ಮಾಡಿದ್ದು?” ಎಂದು ಚೀರಿದಳು. ಬಾಯಿಗೆ ನಿಮ್ಮ ಹೆಸರು ಬಂತು. ಮಾರನೆಯ ದಿನ ನಮ್ಮ ಹೆಂಗಸರೆಲ್ಲ ಶಾಲೆಯ ಬಾಗಿಲಿಗೆ ಬಂದರು. ನಿಮ್ಮನ್ನು ಬೇರೆ ಊರಿಗೆ ವರ್ಗ ಮಾಡಿದರು. ನಿಮ್ಮ ಮುಖ ನೋಡಲಾರದೆ ನಾನು ಶಾಲೆ ಬಿಟ್ಟೆ. ನೀವು ಹೋದ ಮೇಲೂ ಹೋಗಲಿಲ್ಲ, ಆ ತೊಟ್ಟಿ ಅಲ್ಲೇ ಇತ್ತಲ್ಲ. ನಕ್ಕದ್ದು ನಿಮ್ಮ ತಪ್ಪು. ಕತ್ತರಿಸಿದ್ದು ನನ್ನ ತಪ್ಪು. ಎರಡಕ್ಕೂ ತೂಕ ಒಂದೇ ಅಲ್ಲ. ಕ್ಷಮಿಸಿ ಟೀಚರ್.

‘ಅರ್ಜಿದಾರರೇ ನಾಶಪಡಿಸಿದ್ದಾರೆ’ ಎಂದು ಇಲಾಖೆ ಬರೆದದ್ದು ಊಹೆಯ ಮೇಲೆ. ಆದರೂ ಆ ಇಡೀ ಕಡತದಲ್ಲಿ ನಿಜವಾಗಿದ್ದ ವಾಕ್ಯ ಅದೊಂದೇ.

ನಮ್ಮ ಹಳ್ಳಿಯವರು ಆ ಮೂಲೆಯಲ್ಲಿ ಗುಸುಗುಸು ಶುರು ಮಾಡಿದ್ದಾರೆ. ದೊಡ್ಡಮ್ಮ, ಕೂತ್ಕೋ. ಮನೆಗೆ ಬಂದ ಮೇಲೆ ಎಷ್ಟು ಬೇಕಾದರೂ ಬೈ. ಅಜ್ಜಿಯನ್ನು ನೋಡಿ, ಅವಳು ಸುಮ್ಮನೆ ಕೂತಿದ್ದಾಳೆ. ಯಾಕೆಂದರೆ ಅವಳಿಗೆ ಗೊತ್ತಿತ್ತು. ಅದು ನನಗೆ ಗೊತ್ತಾದದ್ದು ಇವತ್ತು ಬೆಳಿಗ್ಗೆ. ನನ್ನ ತಲೆ ಬಾಚಲು ಕೂತವಳು ಹಿಂದಿನಿಂದ ಕೇಳಿದಳು: “ಈ ಸಲ ಕತ್ತರಿ ಎಲ್ಲಿಟ್ಟಿದ್ದೀಯ, ಅದನ್ನ ಮೊದ್ಲು ಹೇಳು.”

“ನಿಂಗೆ ಯಾವಾಗಿಂದ ಗೊತ್ತಜ್ಜಿ?”

“ಆವತ್ತಿಂದಾನೇ. ಎಡಗೈಯೋಳು ಕತ್ತರಿಸಿದ ಗುರುತು ನಂಗೆ ತಿಳಿಯಲ್ವೇನೆ? ನಿನ್ನ ತಲೆ ಮೇಲೆ ಕೈಯಾಡಿಸಿದ ಬೆರಳು ಕಣೆ ಇವು.”

“ಮತ್ಯಾಕೆ ಯಾರಿಗೂ ಹೇಳ್ಲಿಲ್ಲ? ನನ್ನಿಂದ್ಲೇ ಹೊಲ ಹೋಯ್ತಲ್ಲ!”

“ಹೊಲ ಹೋದ್ರೆ ಇನ್ನೊಂದು ಅರ್ಜಿ ಹಾಕಬಹುದು. ಊರೋರ ಬಾಯಿಗೆ ಹೆದರಿ ನೀನು ಎಲ್ಲಾದ್ರೂ ಹೋಗಿಬಿಟ್ಟಿದ್ರೆ ಯಾವ ಕೌಂಟರಿಗೆ ಅರ್ಜಿ ಹಾಕ್ಲಿ? ಅಲ್ಲಾಡಬೇಡ, ಹಳ್ಳದ ತಿರುವು ಬಂತು.”

ಕ್ಷಮಿಸಿ. ನೀರು ಕುಡಿದೆ.

ಈಗ ಎಲ್ಲರೂ ನನ್ನ ಹಿಂದಿರುವ ಈ ದೊಡ್ಡ ಫ್ಲೆಕ್ಸ್ ನೋಡಿ. ಹನ್ನೆರಡು ಅಡಿ ಅಗಲ. ಒಬ್ಬ ಹೆಂಗಸು ಆರು ವರ್ಷದ ಹುಡುಗಿಯ ತಲೆ ಹೆಣೆಯುತ್ತಿದ್ದಾಳೆ. ಪ್ರೊಫೆಸರ್ ಅವರು ವಿದ್ಯಾರ್ಥಿಯಾಗಿದ್ದಾಗ ನಮ್ಮ ಹಳ್ಳಿಗೆ ಬಂದು ತೆಗೆದ ಚಿತ್ರ. ಕೆಳಗೆ ‘ಸ್ತ್ರೀಮನದ ಅಲೆಗಳು’ ಎಂದು ಬರೆಸಿದ್ದಾರೆ. ಹೆಣೆಯುತ್ತಿರುವವಳು ನನ್ನ ಅಜ್ಜಿ. ಹುಡುಗಿ ನನ್ನ ಅಮ್ಮ. ಅವಳು ಇವತ್ತು ಬಂದಿಲ್ಲ, ಬಿತ್ತನೆ ನಡೆದಿದೆ. ಅಲೆಗಳು ಎನ್ನುವುದು ನಮ್ಮ ಹೊಲಗಳು. ಇಗೋ ಹಣೆ, ನದಿ. ಇಗೋ ಹಳ್ಳ, ಇಲ್ಲಿ ತಿರುಗಿತು. ಇದು ಗಡಿಮರದ ಗಂಟು. ಎಣಿಸಿ, ಹದಿನೇಳು. ಪ್ರೊಫೆಸರ್ ಅವರೇ, ನಲವತ್ತು ವರ್ಷ ನೀವು ನಮ್ಮ ಜಮೀನಿನ ನಕ್ಷೆಯನ್ನು ನಿಮ್ಮ ಕಪಾಟಿನಲ್ಲಿ ಜೋಪಾನವಾಗಿ ಇಟ್ಟಿದ್ದೀರಿ. ಏನೆಂದು ತಿಳಿಯದೆ ಇಟ್ಟಿದ್ದೀರಿ, ಅದಕ್ಕೇ ಅದು ಉಳಿಯಿತು. ಇದಕ್ಕೆ ನಿಜವಾಗಿಯೂ ಕೃತಜ್ಞತೆ. ಮೂರನೆಯದು.

ಇದೇ ಚಿತ್ರದ ಕಾರ್ಡುಗಳನ್ನು ಹೊರಗಡೆ ಮೇಜಿನ ಮೇಲೆ ಇಟ್ಟಿದ್ದಾರೆ. ಹಿಂಬದಿಯಲ್ಲಿ ನಮ್ಮ ಹಳ್ಳಿಯ ಹೆಸರು, ನಲವತ್ತು ವರ್ಷ ಹಿಂದಿನ ದಿನಾಂಕ, ಸಂಗ್ರಹದ ಸಂಖ್ಯೆ, ಸಂಸ್ಥೆಯ ಮೊಹರು. ದುಂಡನೆಯ ಮೊಹರು, ಆಯುಕ್ತರೇ. ಸರ್ಕಾರಿ ಸಂಸ್ಥೆಯದು. ನಾನು ಒಳಗೆ ಬರುವಾಗ ಕಾರ್ಡು ತೆಗೆದುಕೊಂಡು ಬಂದೆ. ಎಷ್ಟು ಎಂದು ಕೇಳಿ. ಮೂರು ಪ್ರತಿ.

ಇನ್ನು ಈಗಷ್ಟೇ ಅಜ್ಜಿಯ ಕೈಗೆ ಕೊಟ್ಟ ಸನ್ಮಾನಪತ್ರ, ಈ ಚೌಕಟ್ಟು ಹಾಕಿದ ಬಿನ್ನವತ್ತಳೆ. ಇದರಲ್ಲಿ ಹೀಗಿದೆ: ‘ಇನ್ನೂರು ವರ್ಷಗಳಿಂದ ಇದೇ ನದಿದಂಡೆಯಲ್ಲಿ ನೆಲೆನಿಂತು, ಇದೇ ಮಣ್ಣನ್ನು ಉತ್ತು ಬಿತ್ತಿದ ಹಿರಿಯ ಸಮುದಾಯದ ತಾಯಿಯೇ...’ ಕೆಳಗೆ ಭೂದಾಖಲೆ ಆಯುಕ್ತರ ಸಹಿ, ಹನ್ನೆರಡನೆಯ ತಾರೀಕು. ಇದು ನಮ್ಮ ಅರ್ಜಿ ವಜಾ ಮಾಡಿದ ಆದೇಶ: ‘ಸದರಿ ಸಮುದಾಯದವರು ಮೂವತ್ತು ವರ್ಷಗಳಿಗೂ ಹಿಂದಿನಿಂದ ಸದರಿ ಜಮೀನಿನಲ್ಲಿದ್ದರು ಎಂಬುದಕ್ಕೆ ಯಾವ ಆಧಾರವೂ ಇರುವುದಿಲ್ಲ.’ ಕೆಳಗೆ ಭೂದಾಖಲೆ ಆಯುಕ್ತರ ಸಹಿ, ಒಂಬತ್ತನೆಯ ತಾರೀಕು. ಒಂಬತ್ತರಂದು ನಾವು ಮೂವತ್ತು ವರ್ಷದವರೂ ಅಲ್ಲ. ಹನ್ನೆರಡರಂದು ಇನ್ನೂರು ವರ್ಷದವರು. ಮೂರೇ ದಿನದಲ್ಲಿ ಇಷ್ಟು ಬೆಳೆಯುವ ಬೆಳೆ ನಮ್ಮ ಮಣ್ಣಿನಲ್ಲೂ ಇಲ್ಲ ಸ್ವಾಮಿ! ಎರಡು ಸಹಿಯೂ ತಮ್ಮದೇ. ಯಾವುದು ಸುಳ್ಳು ಎಂದು ನಾನು ಕೇಳುವುದಿಲ್ಲ, ದೊಡ್ಡವರನ್ನು ಹಾಗೆಲ್ಲ ಕೇಳಬಾರದು. ನಾನು ಎರಡನ್ನೂ ಒಂದೇ ಲಕೋಟೆಗೆ ಹಾಕುತ್ತಿದ್ದೇನೆ, ಅಷ್ಟೇ. ಅಜ್ಜಿ, ಚೌಕಟ್ಟು ಬಿಚ್ಚುತ್ತಿದ್ದೇನೆ, ಗಾಜು ಹುಷಾರು. ಮನೆಗೋಡೆಗೆ ನೇತುಹಾಕಲು ನಿನಗೆ ಇದು ಸಿಗುವುದಿಲ್ಲ. ಗೋಡೆ ಉಳಿದರೆ ಬೇರೇನಾದರೂ ಹಾಕೋಣ.

ನಾಲ್ಕು ಐವತ್ತೆರಡು.

ಗುಮಾಸ್ತರೇ, ಈಗ ನಿಮ್ಮ ಸರದಿ. ಮಧ್ಯಾಹ್ನ ಈ ಸಭಾಂಗಣದ ಮೆಟ್ಟಿಲ ಮೇಲೆ ಸಿಕ್ಕಾಗ, “ಏನಮ್ಮಾ ಮಾಡ್ಲಿ, ಕೌಂಟರ್ ಮುಚ್ಚಿದೀವಿ. ಸೀಲು ನನ್ನ ಚೀಲದಲ್ಲೇ ಇದೆ, ಕಳೆದುಹೋದ್ರೆ ನನ್ನ ತಲೆಗೆ ಬರುತ್ತೆ” ಎಂದಿರಲ್ಲ. ನನಗೆ ಕೌಂಟರ್ ಬೇಡ. ಸೀಲು ಸಾಕು. ಕೌಂಟರ್ ಎಂದರೆ ಕಿಟಕಿಯಲ್ಲ, ನೀವು ಎಂದು ನಿಮ್ಮ ನಿಯಮ ಪುಸ್ತಕದಲ್ಲೇ ಇದೆ, ಕಚೇರಿಯ ವೇಳೆಯಲ್ಲಿ ಅಧಿಕಾರಿ ಎಲ್ಲಿದ್ದರೂ ಅರ್ಜಿ ಸ್ವೀಕರಿಸಬಹುದು. ಆ ಪುಟವನ್ನು ನಾನೇ ನಿಮಗೆ ಹತ್ತು ಸಲ ಜೆರಾಕ್ಸ್ ಮಾಡಿ ಕೊಟ್ಟಿದ್ದೇನೆ. ಎಲ್ಲರೂ ನೋಡುತ್ತಿದ್ದಾರೆ ಎಂದು ಆಯುಕ್ತರ ಮುಖ ನೋಡಬೇಡಿ. ಹತ್ತು ವರ್ಷದ ಹಿಂದೆ ನನ್ನ ತಲೆ ನೋಡಿ “ಇದು ಹಳ್ಳಾನಾ?” ಎಂದು ಕೇಳಿದವರು ನೀವು. ಆ ಕಚೇರಿಯಲ್ಲಿ ಪ್ರಶ್ನೆ ಕೇಳಿದವರು ನೀವೊಬ್ಬರೇ.

ಎದ್ದರು. ಸಭಿಕರೇ, ದಾರಿ ಬಿಡಿ. ಮೆಟ್ಟಿಲು ನೋಡಿಕೊಂಡು ಬನ್ನಿ ಸರ್, ಮೈಕಿನ ತಂತಿ ಇದೆ.

ಇಲ್ಲಿ, ಈ ಮೇಜಿನ ಮೇಲೆ. ಹೂವು ಆಚೆ ಇಡಿ. ನಕ್ಷೆ, ಮೂರು ಪ್ರತಿ. ಆದೇಶ. ಬಿನ್ನವತ್ತಳೆ. ಏನು ಸರ್? ಮೈಕಿಗೆ ಕೇಳಿಸಲಿಲ್ಲ. ಹಾ. ಸಭಿಕರೇ, ಇವರು ಮೆಲ್ಲಗೆ ಕೇಳುತ್ತಿದ್ದಾರೆ, “ಒರಿಜಿನಲ್ ತಂದಿದ್ದೀಯಾ?” ಎಂದು. ಅಭ್ಯಾಸಬಲ. ಆದರೆ ಸರಿಯಾದ ಪ್ರಶ್ನೆ.

ನಾನು ಬೆಳಿಗ್ಗೆಯಿಂದ ತಲೆಗೆ ಬಟ್ಟೆ ಕಟ್ಟಿಕೊಂಡಿರುವುದನ್ನು ನೀವೆಲ್ಲ ನೋಡಿದ್ದೀರಿ. ಇಗೋ, ಬಿಚ್ಚಿದೆ. ತಿರುಗುತ್ತೇನೆ. ಫ್ಲೆಕ್ಸಿನ ಜೊತೆ ಹೋಲಿಸಿ ನೋಡಿ ಸರ್. ನಲವತ್ತು ವರ್ಷದ ಹಿಂದಿನ ತಲೆ, ಇವತ್ತಿನ ತಲೆ, ಕೈ ಒಂದೇ. ಹದಿನೇಳನ್ನೂ ಎಣಿಸಿ. ಈ ಸಲ ಕತ್ತರಿ ಮನೆಯಲ್ಲಿ ಅಮ್ಮನ ಹತ್ತಿರ ಇದೆ.

ಕೇಳಿಸಿತೇ? ಠಕ್ಕೆಂದಿತಲ್ಲ, ಅದು ಸೀಲು. ಇನ್ನೊಂದು. ಇನ್ನೊಂದು. ನಾಲ್ಕು ಐವತ್ತಾರು, ಸಮಯ ಬರೆಯಿರಿ ಸರ್. ನಾವು ಗೆದ್ದೆವು ಎಂದು ಯಾರೂ ಚಪ್ಪಾಳೆ ತಟ್ಟಬೇಡಿ. ‘ಸ್ವೀಕರಿಸಲಾಗಿದೆ’ ಎಂದಷ್ಟೇ ಇದೆ. ಇನ್ನೂರು ವರ್ಷದಲ್ಲಿ ನಮ್ಮ ನಕ್ಷೆಯ ಮೇಲೆ, ಅದು ನಕ್ಷೆ ಎಂದು ತಿಳಿದು ಬಿದ್ದ ಮೊದಲ ಮೊಹರು, ಅಷ್ಟೇ.

ಉಳಿದ ಆರು ಕೃತಜ್ಞತೆಗಳನ್ನು ಹಂಚಿಬಿಡುತ್ತೇನೆ: ಗುಮಾಸ್ತರಿಗೆ ಮೂರು, ಪ್ರತಿಗೊಂದರಂತೆ. ಟೀಚರ್‌ಗೆ ಎರಡು, ಹತ್ತು ವರ್ಷ ಸುಮ್ಮನಿದ್ದದ್ದಕ್ಕೆ ಒಂದು, ಇವತ್ತು ಬಂದದ್ದಕ್ಕೆ ಒಂದು. ಕೊನೆಯದು ಆಯುಕ್ತರಿಗೆ, ಎರಡೂ ಕಾಗದಗಳಿಗೆ ಓದದೆ ಸಹಿ ಹಾಕಿದ್ದಕ್ಕೆ. ಅಜ್ಜಿಗೆ ಏನೂ ಇಲ್ಲ. ಅವಳಿಗೆ ಈ ಪದ ಕೇಳಿದರೆ ನಿದ್ದೆ ಬರುತ್ತದೆ.

ಇನ್ನು ತಲೆ ಬಾಗಿಸಿ ನಿಮಗೆಲ್ಲ ನಮಸ್ಕರಿಸುತ್ತೇನೆ. ಬಾಗಿದ್ದು ಸ್ವಲ್ಪ ಹೆಚ್ಚು ಹೊತ್ತಾಯಿತು ಎನಿಸಿದರೆ ಇದನ್ನು ವಿನಯ ಎಂದುಕೊಳ್ಳಬೇಡಿ. ಕೊನೆಯ ಸಾಲಿನವರಿಗೂ ನಮ್ಮ ಹೊಲಗಳು ಕಾಣಿಸಲಿ.

ನಮಸ್ಕಾರ.